ಎರವಲು ಎದೆ

ಒಬ್ಬ ಮನುಷ್ಯನ ಎದೆ ಹೇಗೆ ಬಡಿಯುತ್ತಿದೆ ಎಂಬುದು ಅವನ ಹೆಂಡತಿಗೆ ಗೊತ್ತಾಗುವ ಮೊದಲೇ ಊರಾಚೆಯ ಒಂದು ಕೋಣೆಗೆ ಗೊತ್ತಾಗುವಂತಿದ್ದರೆ? ಹುಬ್ಬಳ್ಳಿಯಲ್ಲಿ ಹಾಗೆ ಗೊತ್ತಾಗತೊಡಗಿ ಕೆಲವು ವರ್ಷಗಳೇ ಆಗಿದ್ದವು. ಆ ಕೋಣೆಯ ಹೆಸರು ಎದೆಗಾವಲು. ಗೋಡೆಯ ತುಂಬ ಪರದೆ, ಪರದೆಯ ತುಂಬ ಚುಕ್ಕಿ, ಒಂದೊಂದು ಚುಕ್ಕಿಯೂ ಊರಿನ ಒಬ್ಬೊಬ್ಬ ರೋಗಿಯ ಹೃದಯ. ಹಸಿರಿದ್ದರೆ ಆರಾಮ. ಹಳದಿಯಾದರೆ ನರ್ಸಮ್ಮ ಫೋನು ಮಾಡಬೇಕು. ಕೆಂಪಾದರೆ ಆಂಬುಲೆನ್ಸ್ ಓಡಬೇಕು.

ಆ ಕೋಣೆಯಲ್ಲಿ ಕೂರುವ ನೀಲಗಂಗಾ ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ. ಅವಳದು ಅವೆರಡಕ್ಕಿಂತ ತಲೆನೋವಿನ ಕೆಲಸ. ಈ ಕಾವಲಿನ ಖರ್ಚನ್ನು ಯಾರು ಕೊಡಬೇಕು, ಹೇಗೆ ಕೊಟ್ಟರೆ ಕಾವಲು ನಡುವೆ ನಿಂತುಹೋಗುವುದಿಲ್ಲ ಎಂದು ಯೋಚಿಸುವುದು. ಯಂತ್ರ ಕಂಡುಹಿಡಿದವರಿಗೆ ಹಾರ, ಶಾಲು ಎಲ್ಲ ಸಿಕ್ಕವು. ಯಂತ್ರ ನಾಳೆಯೂ ನಡೆಯಬೇಕಲ್ಲ, ಆ ಉಸಾಬರಿಯನ್ನು ನೀಲಾಳ ತಲೆಗೆ ಕಟ್ಟಿದರು.

ಯಂತ್ರವೇನೋ ಸರಳ. ಕೋಟಿನ ಗುಂಡಿಯಷ್ಟು ದೊಡ್ಡ ಬಿಲ್ಲೆ, ಎಡಗಡೆ ಕೊರಳೆಲುಬಿನ ಕೆಳಗೆ ಅಂಟಿಸಬೇಕು. ಸೋತ ಹೃದಯ ರಕ್ತವನ್ನು ಮುಂದೆ ತಳ್ಳಲಾರದಾದಾಗ ಶ್ವಾಸಕೋಶದಲ್ಲಿ ನೀರು ಕೂಡಿಕೊಳ್ಳುತ್ತದೆ. ರೋಗಿಗೆ ಅದು ಗೊತ್ತಾಗುವ ಹೊತ್ತಿಗೆ ಏದುಸಿರು ಶುರುವಾಗಿರುತ್ತದೆ. ಬಿಲ್ಲೆ ಎದೆಯೊಳಗೆ ಒಂದು ಸಣ್ಣ ಕರೆಂಟು ಹಾಯಿಸುತ್ತದೆ. ನೀರಿದ್ದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಹಾಗಾಗಿ ನೀರು ಕೂಡುತ್ತಿರುವುದು ಬಿಲ್ಲೆಗೆ ಮುಂಚೆಯೇ ತಿಳಿಯುತ್ತದೆ. ಆಗಲೇ ಫೋನು ಮಾಡಿ ನೀರಿಳಿಸುವ ಗುಳಿಗೆ ಹೆಚ್ಚಿಸಿದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಬೇಡ. ಓಣಿಯ ಕಂಬಕ್ಕೆ ಕೂರಿಸಿದ ಒಂದು ಪೆಟ್ಟಿಗೆ ಓಣಿಯ ಎಲ್ಲ ಬಿಲ್ಲೆಗಳ ಸುದ್ದಿಯನ್ನೂ ಹೆಕ್ಕಿ ಕೋಣೆಗೆ ಕಳಿಸುತ್ತದೆ.

ಖರ್ಚಿನ ಮಾತು ಬಂದಾಗ ಮಾತ್ರ ಯಾವುದೂ ಸರಳವಾಗಲಿಲ್ಲ. ಮೊದಲು ಮನೆಯವರೇ ತಿಂಗಳಿಗಿಷ್ಟು ಕೊಡಲಿ ಎಂದರು. ನಾಲ್ಕು ದಿನ ಆರಾಮಾಗಿದ್ದ ಕೂಡಲೇ ಜನ, "ಇನ್ಯಾಕ ಬೇಕ್ರಿ ಇದು?" ಎಂದು ಬಿಲ್ಲೆ ಕಿತ್ತು ಗೋಡೆಯ ಗೂಡಿನಲ್ಲಿಟ್ಟರು. ಆಮೇಲೆ ಆಸ್ಪತ್ರೆಗಳು ಕೊಡಲಿ ಎಂದರು. ಮಂಚ ತುಂಬಿದರೆ ತಾನೆ ಆಸ್ಪತ್ರೆಗೆ ಲಾಭ? ಎಲ್ಲೋ ಒಂದು ಹಳದಿ ಮಿನುಗಿದರೂ ರೋಗಿಯನ್ನು ಎತ್ತಿಕೊಂಡು ಹೋಗಿ ಮಲಗಿಸಿದರು. ಎದೆಗಾವಲು ಎರಡು ಸಲ ಬಾಗಿಲು ಮುಚ್ಚುವ ಹಂತಕ್ಕೆ ಬಂತು. ಆಗ ನೀಲಾ ಹೇಳಿದ್ದು ಓಣಿಗಟ್ಟಿನ ಮಾತು.

ಓಣಿಗಟ್ಟು ಎಂದರೆ ಇಷ್ಟೇ. ಒಂದು ಓಣಿಯ ಹೃದಯರೋಗಿಗಳೆಲ್ಲ ಸೇರಿ ಒಂದು ಗಂಟು. ಮೂರು ತಿಂಗಳ ಸರದಿಯಲ್ಲಿ ಆ ಗಂಟಿನ ಯಾರೂ ತುರ್ತಾಗಿ ಆಸ್ಪತ್ರೆ ಸೇರದಿದ್ದರೆ ಅದು ಶಾಂತ ಓಣಿ. ಹಾಗೆ ಉಳಿದ ಆಸ್ಪತ್ರೆ ಖರ್ಚಿನಲ್ಲಿ ಒಂದು ಪಾಲನ್ನು, ಆಸ್ಪತ್ರೆಯ ಬಿಲ್ಲು ತುಂಬುವ ಆರೋಗ್ಯ ನಿಧಿಯವರು ಎದೆಗಾವಲಿಗೆ ಕೊಡುತ್ತಾರೆ, ಓಣಿಯವರಿಗೆ ಮುಂದಿನ ಸರದಿ ಪುಕ್ಕಟೆ. ಒಬ್ಬರು ಸೇರಿದರೂ ಗಂಟು ಬಿಚ್ಚಿತು, ಎಲ್ಲರೂ ಕೈಯಿಂದ ಕೊಡಬೇಕು. ಹೀಗೆ ಕಟ್ಟಿದರೆ ಜನ ಒಬ್ಬರನ್ನೊಬ್ಬರು ಕಾಯುತ್ತಾರೆ ಎಂದು ನೀಲಾ ನಂಬಿದ್ದಳು. ಹೆಪ್ಪು ತೀರಿದರೆ ಗೋಡೆಯಾಚೆ ಬಟ್ಟಲು ಚಾಚುವ ಜನ, ಮದುವೆಗೆ ಹೊರಟರೆ ಪಕ್ಕದ ಮನೆಯ ಸರ ಹಾಕಿಕೊಂಡು ಹೋಗುವ ಜನ, ಪಕ್ಕದವರ ಎದೆ ಕಾಯಲಾರರೇ?

ಕಾದರು ಕೂಡ. ನೂಲಿನ ಓಣಿಯ ಗುರುಶಾಂತ ಮಾಸ್ತರು ಶಾಲೆಯಿಂದ ನಿವೃತ್ತರಾದವರು, ಬೇರೆ ಕೆಲಸವಿಲ್ಲದೆ ಮನೆಮನೆಗೆ ಹೋಗಿ ಹಪ್ಪಳ ಉಪ್ಪಿನಕಾಯಿ ಅಟ್ಟಕ್ಕೇರಿಸಿ ಬಂದರು. ಗುಳಿಗೆ ನುಂಗದ ಮುದುಕರಿಗೆ ಮಕ್ಕಳನ್ನು ಗದರಿದಂತೆ ಗದರಿದರು. ಸರದಿಯ ಮೇಲೆ ಸರದಿ ಓಣಿ ಶಾಂತವಾಗಿ ಉಳಿಯಿತು. ಬೇರೆ ಓಣಿಗಳೂ ಅದೇ ದಾರಿ ಹಿಡಿದವು. ನಿಧಿಯವರು ಇದನ್ನು ರಾಜ್ಯದ ತುಂಬ ಹರಡಬೇಕೆಂದು ಮನಸ್ಸು ಮಾಡಿದರು, ಮಾದರಿ ಓಣಿಯನ್ನು ಕಣ್ಣಾರೆ ನೋಡಲು ಬರುತ್ತೇವೆಂದು ತಿಳಿಸಿದರು. ಮಾದರಿ ಓಣಿ ಯಾವುದೆಂದರೆ ಇದೇ ನೂಲಿನ ಓಣಿ, ನೀಲಾಳ ಮನೆ ಇರುವ ಓಣಿ. ಅದರ ಗಂಟಿನಲ್ಲಿ ಅವಳ ಗಂಡ ಪ್ರಭುಲಿಂಗನ ಎದೆಯೂ ಒಂದು.

*

ಪ್ರಭುಲಿಂಗನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರು ತಂದರೆ ತಾಮ್ರದ ತಂತಿ ಹೊಸದಾಗಿ ಸುತ್ತಿ, ತಿರುಗಿಸಿ, ಕಿವಿಗೊಟ್ಟು ಕೇಳಿ ಕೊಡುತ್ತಿದ್ದ. ಒಂದು ಮಳೆಗಾಲದಲ್ಲಿ ಬಂದ ಜ್ವರ ಮೈ ಬಿಟ್ಟು ಹೋದರೂ ಹೃದಯವನ್ನು ಸೋಲಿಸಿಯೇ ಹೋಯಿತು. ಅಂಗಡಿಗೆ ಬೀಗ ಬಿತ್ತು. ಅಂದಿನಿಂದ ಪಡಸಾಲೆಯ ಬೆತ್ತದ ಕುರ್ಚಿಯೇ ಅವನ ಜಾಗ.

ಮೊದಮೊದಲು ನೀಲಾ ಅವನ ಉಸಿರನ್ನೇ ಎಣಿಸುತ್ತ ಮಲಗುತ್ತಿದ್ದಳು. ಅವನು ಕೆಮ್ಮಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಹೆದರಿಕೆಗೂ ಒಂದು ಮಿತಿ ಉಂಟಲ್ಲ. ಎಷ್ಟೋ ಸಲ ಆಸ್ಪತ್ರೆಗೆ ಓಡಿ, ಎಷ್ಟೋ ಸಲ ಬದುಕಿಸಿಕೊಂಡು ಬಂದ ಮೇಲೆ, ಬಹಳ ಹೊತ್ತು ಮಡಚಿ ಕೂತ ಕಾಲಿನಂತೆ ಅವಳ ಮನಸ್ಸಿಗೆ ಜೋಮು ಹಿಡಿಯಿತು. ಬಿಲ್ಲೆ ಬಂದದ್ದೇ ಬಂತು, ಹೆದರುವ ಕೆಲಸವನ್ನು ಅವಳು ಅದಕ್ಕೆ ಒಪ್ಪಿಸಿಬಿಟ್ಟಳು. ಗಂಡನ ಮುಖ ನೋಡುವ ಬದಲು ಫೋನು ನೋಡುವುದು ರೂಢಿಯಾಯಿತು. ಅದರಲ್ಲಿ ಹಸಿರಿದ್ದರೆ ಅವನೂ ಹಸಿರು.

ಹೋದ ತಿಂಗಳು ಒಂದಿಷ್ಟು ದಿನ ಅವನ ಚುಕ್ಕಿ ಹಳದಿಗೆ ತಿರುಗಿತ್ತು. ಗುಳಿಗೆ ಹೆಚ್ಚಿಸಿದ ಮೇಲೆ ಹಸಿರಾಯಿತು. ಎಂಥ ಹಸಿರು ಅಂತೀರಿ! ಆರು ವರ್ಷದಲ್ಲಿ ಅವನ ಎದೆ ಹೀಗೆ ಬಡಿದದ್ದೇ ಇಲ್ಲ.

ಆ ಸಂಜೆ ಅವಳು ಮನೆಗೆ ಬಂದಾಗ ಫಕೀರವ್ವ ಪಡಸಾಲೆಯಲ್ಲಿದ್ದಳು. ಪಕ್ಕದ ಮನೆಯವಳು, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು, ಐವತ್ತು ದಾಟಿದರೂ ಹಿಟ್ಟಿನ ಮೂಟೆಯನ್ನು ಸೊಂಟಕ್ಕೆ ಏರಿಸಿಕೊಂಡು ನಡೆಯುವ ಗಟ್ಟಿ ಹೆಂಗಸು. ಪ್ರಭುಲಿಂಗನ ಜೊತೆ ಏನೋ ಪಿಸುಗುಡುತ್ತಿದ್ದವಳು ನೀಲಾಳನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಬಂದ್ಯಾ ತಂಗಿ? ನಾಕ ಬಿಸಿ ರೊಟ್ಟಿ ಇಟ್ಟೀನಿ ನೋಡು. ಬರ್ತೀನಿ," ಎಂದವಳೇ ಹೊರಟುಹೋದಳು.

"ಹೆಂಗದೀರಿ?" ನೀಲಾ ಚೀಲ ಇಳಿಸುತ್ತ ಕೇಳಿದಳು. ಕಣ್ಣು ಫೋನಿನ ಮೇಲಿತ್ತು.

"ಆರಾಮ."

"ಮುಂಜಾನೆ ನಾಡಿ ಚೂರು ಏರಿತ್ತಲ್ಲ, ಏನ್ ಮಾಡಿದ್ರಿ?"

"ಅಡ್ಡಾಡಿದೆ." ಒಂದು ಉಸಿರು ತೆಗೆದುಕೊಂಡ. "ಓಣಿ ತುದಿ ತನಕಾ."

"ಛಲೋ ಆತು. ದಿನಾ ಅಡ್ಡಾಡ್ರಿ."

ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವನು ಉಸಿರಿಗಾಗಿ ನಿಲ್ಲುತ್ತಿದ್ದುದು ಅವಳ ಕಿವಿಗೆ ಬೀಳಲಿಲ್ಲವೇ? ಬಿತ್ತು. ಧೋತರವನ್ನು ಪಾದ ಮುಚ್ಚುವಂತೆ ಎಳೆದುಕೊಂಡದ್ದು ಕಣ್ಣಿಗೂ ಬಿತ್ತು. ಆದರೆ ಹಸಿರು ಚುಕ್ಕಿ ಕೈಯಲ್ಲೇ ಇತ್ತಲ್ಲ. ಊಟದಲ್ಲಿ ಅವನು ಅರ್ಧ ರೊಟ್ಟಿ ಬಿಟ್ಟ. ಅವಳು ಅದನ್ನು ಮುಚ್ಚಿಟ್ಟು, ನಿಧಿಯವರಿಗೆ ತೋರಿಸಬೇಕಾದ ಚಿತ್ರಗಳನ್ನು ತಿದ್ದುತ್ತ ಕೂತಳು.

*

ಎರಡು ದಿನ ಬಿಟ್ಟು, ಬೆಳಗಿನ ಚಹಾ ಆದ ಮೇಲೆ, ತಹಸೀನ್ ಡಾಕ್ಟರು ನೀಲಾಳನ್ನು ತಮ್ಮ ಮೇಜಿಗೆ ಕರೆದರು. ಎದೆಗಾವಲನ್ನು ಹುಟ್ಟುಹಾಕಿದವರೇ ಅವರು. ಮೂವತ್ತು ವರ್ಷ ಹೃದಯ ನೋಡಿದ ಡಾಕ್ಟರು, ಸುಮ್ಮನೆ ಮಾತಾಡುವ ಪೈಕಿ ಅಲ್ಲ.

"ನೀಲಾ, ಕುಂದರು. ನಿಮ್ಮ ಓಣೀದು ಒಂದ್ ಮಜಾ ತೋರಿಸ್ತೀನಿ. ಮಜಾ ಅಲ್ಲ, ಏನನ್ನೂಣು ಇದಕ್ಕ, ನನಗೂ ತಿಳೀವಲ್ದು."

ಪರದೆಯ ಮೇಲೆ ಮೂರು ಗೆರೆಗಳು ಒಂದರ ಕೆಳಗೊಂದು ಓಡುತ್ತಿದ್ದವು. ಎದೆಬಡಿತದ ಗೆರೆಗಳು. ಒಂದು ಮಾಸ್ತರ ಹೆಂಡತಿ ಸಾವಂತ್ರವ್ವನದು, ಒಂದು ಟೇಲರ್ ಹುಸೇನಸಾಬರದು, ಮೂರನೆಯದು ಪ್ರಭುಲಿಂಗನದು. ಮೂರೂ ಹಸಿರು.

"ಪ್ರತಿ ಎದೀಗೂ ಒಂದ್ ರುಜು ಇರ್ತೈತಿ. ಕರೆಂಟು ಎಲ್ಲಿ ಹುಟ್ಟಿ ಹೆಂಗ ಹರಿತೈತಿ ಅನ್ನೂದು ಒಬ್ರಿಗಿದ್ದಂಗ ಒಬ್ರಿಗಿರೂದಿಲ್ಲ. ಹೊಸಾ ಯಂತ್ರಕ್ಕ ಆ ರುಜು ಕಲಸ್ತಿದ್ದೆ," ಎಂದು ತಹಸೀನ್ ಮೂರು ಗೆರೆಗಳನ್ನೂ ಒಂದರ ಮೇಲೊಂದು ಸರಿಸಿದರು. ಮೂರೂ ಸೇರಿ ಒಂದೇ ಗೆರೆಯಾಯಿತು. "ನೋಡು. ಹೆಸರು ಮೂರು, ಎದಿ ಒಂದು."

ಬಿಲ್ಲೆ ಯಾರ ಎದೆಯ ಮೇಲಿದೆ ಎಂದು ಪರೀಕ್ಷಿಸುವ ಏರ್ಪಾಡನ್ನು ಯಾರೂ ಮಾಡಿರಲಿಲ್ಲ. ಬೇರೆಯವರ ಬಿಲ್ಲೆಯನ್ನು ತಮ್ಮ ಎದೆಗೆ ಯಾರಾದರೂ ಅಂಟಿಸಿಕೊಳ್ಳುತ್ತಾರೆಂದು ಯಾವ ಎಂಜಿನಿಯರನ ತಲೆಗೆ ಹೊಳೆದೀತು?

"ಯಂತ್ರದ ದೋಷ ಇರಬೇಕ್ರಿ ಮೇಡಮ್," ಎಂದಳು ನೀಲಾ.

"ಇರ್ಲಿ ಅಂತ ನಾನೂ ಅನ್ಕೊಂಡೆ. ಇದನ್ನ ನೋಡು." ತಹಸೀನ್ ಇನ್ನೊಂದು ಗೆರೆ ತೆರೆದರು. ಬಿಲ್ಲೆ ಮೈಯ ಅಲುಗಾಟವನ್ನೂ ಬರೆದುಕೊಳ್ಳುತ್ತದೆ. ದಿನಾ ಬೆಳಿಗ್ಗೆ ಮೂರು ಹೆಸರುಗಳಲ್ಲೂ ನಾಡಿ ಏರುತ್ತದೆ, ಆ ಹೊತ್ತಿನಲ್ಲಿ ಎದೆಗೆ ತಟ್ ತಟ್ ತಟ್ ಎಂದು ಒಂದೇ ಲಯದಲ್ಲಿ ಪೆಟ್ಟು ಮುಟ್ಟುತ್ತದೆ, ನಡುವೆ ಚೂರು ನಿಲ್ಲುತ್ತದೆ, ಮತ್ತೆ ತಟ್ ತಟ್ ತಟ್. "ಇದೇನು ಹೇಳು? ವ್ಯಾಯಾಮನೂ ಅಲ್ಲ, ನಡಿಗೀನೂ ಅಲ್ಲ."

ನೀಲಾ ಆ ಸದ್ದನ್ನು ಗೋಡೆಯಾಚೆಯಿಂದ ದಿನಾ ಕೇಳುತ್ತಲೇ ಏಳುತ್ತಿದ್ದಳು. ಬಡಿಯುವುದು, ತವೆಗೆ ಹಾಕುವುದು, ಮತ್ತೆ ಹಿಟ್ಟಿನ ಉಂಡೆ ತೆಗೆದು ಬಡಿಯುವುದು.

"ರೊಟ್ಟಿ," ಎಂದಳು. "ಫಕೀರವ್ವ ರೊಟ್ಟಿ ಬಡಿಯಾಕತ್ತಾಳ."

ತಹಸೀನ್ ಅವಳ ಮುಖವನ್ನೇ ನೋಡಿದರು. "ಹಂಗಾರ ನಿನ್ನ ಗಂಡನ ಎದಿ ಹೆಂಗೈತಿ ನೀಲಾ?"

ಅವನ ಎದೆಯನ್ನು ಈಗ ಊರಿನಲ್ಲಿ ಯಾವ ಯಂತ್ರವೂ ಕಾಯುತ್ತಿರಲಿಲ್ಲ. ಅವಳು ಚೀಲ ಕೂಡ ತೆಗೆದುಕೊಳ್ಳದೆ ಎದ್ದು ಹೊರಟಳು.

*

ಪ್ರಭುಲಿಂಗ ಕುರ್ಚಿಯಲ್ಲೇ ಇದ್ದ. ಬೆನ್ನಿಗೆ ಎರಡು ದಿಂಬು. ಬಿಸಿಲು ಏರಿದ ಹೊತ್ತು, ಆದರೂ ಹೊದಿಕೆಯಲ್ಲಿ ಕಾಲು ಮುಚ್ಚಿಕೊಂಡಿದ್ದ. ನೀಲಾ ಹೊದಿಕೆ ಸರಿಸಿದಳು. ಪಾದಗಳು ಉಬ್ಬಿ ಬೆರಳುಗಳೇ ಕಾಣದಂತಾಗಿದ್ದವು. ಅಂಗಿಯ ಗುಂಡಿ ಬಿಚ್ಚಿದಳು. ಎಡಗಡೆ ಬಿಲ್ಲೆ ಇತ್ತು. ಉಗುರಿನಿಂದ ಎಬ್ಬಿಸಿ ತಿರುಗಿಸಿ ನೋಡಿದರೆ, ಹೋದ ವರ್ಷವೇ ಬ್ಯಾಟರಿ ತೀರಿ ಮೂಲೆಗೆ ಬಿದ್ದ ಹಳೆಯ ಬಿಲ್ಲೆ.

"ಏನ್ರಿ ಇದು?"

ಅವನು ಸಿಕ್ಕಿಬಿದ್ದ ಹುಡುಗನಂತೆ ನಕ್ಕ. ಆ ನಗುವಿಗೂ ಉಸಿರು ಸಾಲಲಿಲ್ಲ.

"ಸಿಟ್ಟಾಗಬ್ಯಾಡ. ಹಳದಿ ಆಗಿತ್ತು. ಇನ್ನೊಂದ್ ಚೂರ್ ಆದ್ರ... ದವಾಖಾನಿ ಅಂತಿದ್ರಿ."

"ಮತ್ತ ಅದಕ್ಕಲ್ಲೇನ್ರಿ ಇರೂದು ದವಾಖಾನಿ?"

"ನಿಮ್ಮ ಸಾಹೇಬ್ರು ಬರೂವ್ರು ಅದಾರ." ನಿಂತ. ಮತ್ತೆ ಶುರುಮಾಡಿದ. "ಎಲ್ಲಾ ಓಣಿ ಬಿಟ್ಟು... ನೀಲಾನ ಗಂಡಾನ ಗಂಟು ಬಿಚ್ಚಿದಾ ಅಂದ್ರ... ನಿನ್ನ ಮಾರಿ ಎಲ್ಲಿ ಇಡ್ತಿದ್ದಿ? ಸರದಿ ಮುಗೀಲಿ ಅಂತ... ಫಕೀರವ್ವಗ ಕೇಳಿದೆ. ಆಕಿ ಪಾಪ... ಇಲ್ಲ ಅನ್ಲಿಲ್ಲ."

ಇಷ್ಟರಲ್ಲಿ ಫಕೀರವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. "ತಂಗಿ, ನನ್ನ ಬೈಯಿ. ಅವರನ್ನ ಏನೂ ಅನ್ನಬ್ಯಾಡ. ಸಾವಂತ್ರವ್ವಂದು ಮೊದಲ ಹಚ್ಕೊಂಡಿದ್ದೆ, ಹುಸೇನಣ್ಣಂದು ಆಮ್ಯಾಲೆ. ನನ್ನ ಎದಿ ಗಟ್ಟಿ ಐತಿ, ನಾಕ ಮಂದಿಗೆ ಉಪಯೋಗ ಆಗ್ಲಿ ಅಂದೆ. ನಂದೇನ್ ಸವೀತೈತಿ ಅದರಾಗ?"

ಏನೆಂದು ಬೈಯುವುದು? ಹೆಪ್ಪು ಕೊಟ್ಟಂತೆ, ಸರ ಕೊಟ್ಟಂತೆ ಎದೆ ಕೊಟ್ಟಿದ್ದಾಳೆ. ಬೇರೆ ಊರಿನವರಾಗಿದ್ದರೆ ಗಂಟನ್ನು ಉಳಿಸಿಕೊಳ್ಳಲು ಮೋಸ ಮಾಡುತ್ತಿದ್ದರೇನೋ. ಇವರು ಉಪಕಾರ ಮಾಡಿದ್ದರು, ಮತ್ತು ಆ ಉಪಕಾರಕ್ಕೆ ದಾರಿ ಮಾಡಿಕೊಟ್ಟವಳು ತಾನೇ.

ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬಂದಾಗ ಪ್ರಭುಲಿಂಗ ಅವಳ ಕೈ ಹಿಡಿದು, "ಸೈರನ್ ಬ್ಯಾಡ ಅನ್ನು," ಎಂದ. ಓಣಿಯವರಿಗೆ ಗೊತ್ತಾಗಬಾರದಂತೆ! ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಸೈರನ್ ಹಾಕದೆಯೇ ಹೊರಟರು.

ಒಳಗೆ ಆಕ್ಸಿಜನ್ ಹಚ್ಚಿದರು, ಸೂಜಿ ಚುಚ್ಚಿದರು. ನೀಲಾ ಅವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಕೂತಿದ್ದಳು. ಎಷ್ಟೋ ತಿಂಗಳ ಮೇಲೆ ಅವನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು, ಗಡ್ಡ ಅಲ್ಲಲ್ಲಿ ಬೆಳ್ಳಗಾಗಿದೆ, ಹುಬ್ಬಿನ ಮೇಲೆ ಅಂಗಡಿಯಲ್ಲಿ ಸುಟ್ಟುಕೊಂಡ ಒಂದು ಹಳೆಯ ಕಲೆ. ಆಸ್ಪತ್ರೆಯ ಗೇಟು ಮುಂದಿನ ಗಾಜಿನಲ್ಲಿ ಕಾಣಿಸಿತು. ಅಷ್ಟರಲ್ಲಿ ತೋಳಿನ ಮೇಲಿನ ಭಾರ ಬೇರೆಯಾಯಿತು.

ಒಳಗೆ ಡಾಕ್ಟರು ಬಹಳ ಪ್ರಯತ್ನಪಟ್ಟರು, ಪಾಪ. ಕೊನೆಗೆ, ತರುವ ಮುನ್ನವೇ ಮರಣ ಎಂದು ಬರೆದುಕೊಟ್ಟರು.

*

ಆಮೇಲಿನದೆಲ್ಲ ನೀಲಾಳ ಸುತ್ತ ನಡೆಯಿತು, ಅವಳಿಗೆ ನಡೆಯಲಿಲ್ಲ. ಯಾರೋ ಕೂರಿಸಿದರೆ ಕೂತಳು, ಚಹಾ ಕೊಟ್ಟರೆ ಕುಡಿದಳು, ಮಣ್ಣು ಹಾಕು ಎಂದರೆ ಹಾಕಿದಳು. ಅಳು ಬರಲಿಲ್ಲ. ಬರಲಿಲ್ಲ ಎಂದು ದುಃಖವೂ ಆಗಲಿಲ್ಲ. ಹೆಂಗಸರು ಅವಳನ್ನು ಅಳಿಸಲು ನೋಡಿ ಸೋತು ತಾವೇ ಅತ್ತರು. ಅವರ ಅಳು ಸುಳ್ಳಿರಲಿಲ್ಲ, ಓಣಿಗೆ ಓಣಿಯೇ ಎರಡು ದಿನ ಒಲೆ ಹಚ್ಚಿರಲಿಲ್ಲ.

ಗುರುಶಾಂತ ಮಾಸ್ತರು ಒಂದು ಮಧ್ಯಾಹ್ನ ಬಂದು ಎದುರಿಗೆ ಕೂತರು. ಟೋಪಿ ತೆಗೆದು ಕೈ ಮುಗಿದರು.

"ಏನ್ ಹೇಳ್ಲೆವ್ವಾ. ಹೋಗೂ ಹೊತ್ತಿನಾಗೂ ಓಣಿ ಮ್ಯಾಲೆ ಉಪಕಾರ ಮಾಡಿ ಹೋದ್ರು ನಿಮ್ಮವರು. ದವಾಖಾನಿ ಒಳಗ ದಾಖಲಾಗಲಿಲ್ಲಂತ. ಗಂಟು ಹಂಗ ಉಳೀತು."

ಅವರ ಕಣ್ಣಲ್ಲಿ ನೀರಿತ್ತು. ಮನಸ್ಸಿನಿಂದಲೇ ಹೇಳಿದ್ದರು. ನೀಲಾ ಅವರನ್ನು ನೋಡಿದಳು.

"ಹೌದ್ರಿ ಮಾಸ್ತರ. ದಾಖಲಾಗಲಿಲ್ಲ," ಎಂದಳು.

ಸಾವಿಗೆ ಓಣಿಗಟ್ಟಿನಲ್ಲಿ ಜಾಗವೇ ಇರಲಿಲ್ಲ. ತುರ್ತು ದಾಖಲಾತಿ ಎಷ್ಟು ಎಂದು ಮಾತ್ರ ಕೇಳುವಂತೆ ನೀಲಾ ಅದನ್ನು ಕಟ್ಟಿದ್ದಳು. ಮನೆಯಲ್ಲೋ ದಾರಿಯಲ್ಲೋ ಸತ್ತರೆ ಅದು ಶಾಂತಿಯ ಲೆಕ್ಕಕ್ಕೇ ಸೇರುತ್ತಿತ್ತು. ಹೀಗೊಂದು ತೂತು ಇದೆಯೆಂದು ಅವಳಿಗೆ ಆಗಲೇ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕಾಗದದ ಮೇಲೆ ಗೊತ್ತಿತ್ತು. ಬದುಕಿಸುವುದಕ್ಕೆ ತಾನೆ ಇದೆಲ್ಲ, ಸಾಯುವವರ ಮಾತು ಯಾಕೆ ಎಂದು ಮುಂದಕ್ಕೆ ಹೋಗಿದ್ದಳು.

ದಿನಕರ್ಮಗಳು ಮುಗಿದ ಮೇಲೆ ಕೋಣೆಗೆ ಹೋದಳು. ಗೋಡೆಯ ಪರದೆಯಲ್ಲಿ ನೂಲಿನ ಓಣಿ ಹಸಿರಾಗಿ ಮಿನುಗುತ್ತಿತ್ತು. ಅದರಲ್ಲಿ ಪ್ರಭುಲಿಂಗನ ಚುಕ್ಕಿಯೂ ಇತ್ತು. ನಾಡಿ ಹದವಾಗಿತ್ತು, ಎದೆಯಲ್ಲಿ ನೀರಿಲ್ಲ. ಬೆಳಿಗ್ಗೆ ಚೂರು ಏರಿ ಇಳಿದಿತ್ತು.

"ಮನಿಯವರು ಹೇಳದ ಚುಕ್ಕಿ ಮುಚ್ಚಾಕ ಬರೂದಿಲ್ಲ," ಎಂದರು ತಹಸೀನ್ ಮೆಲ್ಲಗೆ. "ನಾ ಯಾರಿಗೂ ಇನ್ನೂ ಹೇಳಿಲ್ಲ. ಆದ್ರ ರುಜು ಹಿಡಿಯೂ ಯಂತ್ರಾನ ಎಲ್ಲಾ ಓಣಿ ಮ್ಯಾಲೆ ಬಿಟ್ಟು ನೋಡೀನಿ. ನಿಮ್ಮದೊಂದ ಓಣಿ ಅಲ್ಲ ನೀಲಾ."

"ಭಾಳ ಅದಾವೇನ್ರಿ?"

"ಅದಾವ. ಹಂಗಂತ ಎಲ್ಲಾ ಸುಳ್ಳಂತನೂ ಅಲ್ಲ. ಖರೇನ ಬದುಕಿದವ್ರು ಹೆಚ್ಚ ಅದಾರ. ಈಗ ಬಾಯಿ ಬಿಟ್ರ ನಿಧಿಯವ್ರು ಕೈ ತಗೀತಾರ. ಕೈ ತಗದ್ರ ಈ ಕೋಣಿಗೆ ಬೀಗ. ಗ್ವಾಡಿ ಮ್ಯಾಲಿನ ಎಲ್ಲಾ ಚುಕ್ಕಿ ಆರತಾವ. ಬಿಡದಿದ್ರ..." ಡಾಕ್ಟರು ಮಾತು ಮುಗಿಸದೆ ಕನ್ನಡಕ ತೆಗೆದು ಒರೆಸಿದರು. "ನನಗ ತಿಳೀವಲ್ದು. ನೀ ಹೇಳಿದಂಗ."

ನೀಲಾ ಪರದೆಯನ್ನೇ ನೋಡುತ್ತ ನಿಂತಳು. "ನಾವು ಸುಮ್ಮ ಇದ್ದುದಕ್ಕ ಬಕ್ಷೀಸು ಕೊಟ್ವಿರಿ ಮೇಡಮ್. ಕರದವ್ರಿಗೆ ದಂಡ ಹಾಕಿದ್ವಿ. ತಿರುವಿ ಹಾಕ್ಬೇಕು. ಹಳದಿ ಆದ ಕೂಡ್ಲೆ ಕರದ್ರ ಆ ಓಣಿಗೆ ಪುಕ್ಕಟೆ ಅನ್ಬೇಕು. ದಾಖಲಾದ್ರೂ ಸರಿ."

"ಅದಕ್ಕ ಯಾರ್ ಕೊಡ್ತಾರ?"

"ಗೊತ್ತಿಲ್ರಿ."

"ಹಂಗಾರ ಅದು ನಡಿಯೂದಿಲ್ಲಲ್ಲ ನೀಲಾ."

"ನಡಿಯೂದನ್ನ ಮಾಡಿದ್ನಲ್ರಿ ನಾನು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹವೆಯ ಮಾತಾಡಿದಂತೆ ಹೇಳಿ, "ನಿಧಿಯವ್ರಿಗೆ ನೀವ ತಿಳಸ್ರಿ. ನಾ ಓಣಿಗೆ ಹೋಗ್ತೀನಿ," ಎಂದು ಹೊರಟಳು.

*

ಫಕೀರವ್ವ ಒಲೆಯ ಮುಂದೆ ಇದ್ದಳು. ನೀಲಾಳನ್ನು ಕಂಡು ಒಲೆಯ ಉರಿ ಹಿಂದಕ್ಕೆಳೆದಳು.

"ಅಕ್ಕಾ, ಬಿಲ್ಲೆ ತಗೀರಿ."

"ತಗೀತೀನಿ ತಂಗಿ. ನಿನ್ನ ಮುಂದ ಹೆಂಗ ತಗೀಲಿ ಅಂತ..." ಫಕೀರವ್ವ ಎದೆಯ ಮೇಲೆ ಸೆರಗು ಎಳೆದುಕೊಂಡಳು. "ಅವರ್ದನ್ನ ತಗ್ಯಾಕ ಕೈ ಬರ್ವಲ್ದವ್ವಾ. ತಗದ್ರ ಖರೇನ ಸತ್ತಂಗ ಆಗ್ತೈತಲ್ಲ."

"ಮೊದಲ ಸಾವಂತ್ರವ್ವಂದು ಕೊಡ್ರಿ."

ಫಕೀರವ್ವ ಬಾಗಿಲು ಓರೆ ಮಾಡಿ, ಕುಪ್ಪಸ ಸಡಿಲಿಸಿ, ಒಂದು ಬಿಲ್ಲೆ ಎಬ್ಬಿಸಿ ಕೊಟ್ಟಳು. ನೀಲಾಳ ಕೈಯಲ್ಲಿದ್ದ ಫೋನು ಕೂಡಲೇ ಮಿಡಿಯಿತು, ಜಳಕಕ್ಕೆ ಬಿಲ್ಲೆ ತೆಗೆದಾಗಲೆಲ್ಲ ಬರುತ್ತಿದ್ದ, ಯಾರೂ ಲೆಕ್ಕಕ್ಕಿಡದ ಅದೇ ಸಂದೇಶ. *ಬಿಲ್ಲೆ ಎದೆಯಿಂದ ಕಳಚಿದೆ. ಸಾವಂತ್ರಿ ಅವರನ್ನು ಒಮ್ಮೆ ವಿಚಾರಿಸಿ.*

ಮಾಸ್ತರ ಮನೆಗೆ ಹೋದರು. ಮಾಸ್ತರು ಬಾಗಿಲಲ್ಲೇ ಅಡ್ಡ ನಿಂತರು. "ಏನ್ ಮಾಡಾಕತ್ತೀಯವ್ವಾ? ಸರದಿ ಮುಗ್ಯಾಕ ಬಂದೈತಿ. ನಿಮ್ಮವರು ಜೀವಾ ಕೊಟ್ಟು ಉಳಿಸಿದ ಗಂಟದು."

"ಹೌದ್ರಿ. ಅವರು ಕೊಟ್ಟದ್ದು ಸಾಕು," ಎಂದು ನೀಲಾ ಅವರನ್ನು ಬಳಸಿ ಒಳಗೆ ಹೋದಳು. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ ಸಾವಂತ್ರವ್ವನ ಎದೆಗೆ ಬಿಲ್ಲೆ ಒತ್ತಿ ಅಂಟಿಸಿದಳು. ಮುದುಕಿ ಬೇಡವೆನ್ನಲಿಲ್ಲ, ನೀಲಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಫೋನಿನಲ್ಲಿ ಚುಕ್ಕಿ ಹಸಿರಿನಿಂದ ಹಳದಿಗೆ ಬಂತು, ಹಳದಿಯಿಂದ ಕೆಂಪಿಗೆ ಹೋಯಿತು. ಮಾಸ್ತರು ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಏ ಸಾವಂತ್ರಿ, ಹೇಳಬಾರ್ದೇನ!" ಎಂದು ಮಂಚದ ಪಕ್ಕ ಕೂತರು.

ಹೊಲಿಗೆಯಂತ್ರದ ಹಿಂದೆ ಕೂತಿದ್ದ ಹುಸೇನಸಾಬರ ಎದೆಗೆ ಅವರ ಬಿಲ್ಲೆಯನ್ನು ಅಂಟಿಸಿದರು. ಅವರದು ಹಳದಿಗೆ ನಿಂತಿತು. "ಬಚಾವಾದೆ," ಎಂದು ಅವರು ನಗಲು ನೋಡಿದರು. ಅಷ್ಟರಲ್ಲಿ ಮಾಸ್ತರ ಮನೆಯ ಮುಂದೆ ಆಂಬುಲೆನ್ಸ್ ಬಂದು ನಿಂತಿತು, ಸೈರನ್ ಹಾಕಿಕೊಂಡೇ. ನೂಲಿನ ಓಣಿಯ ಗಂಟು ಹಗಲುಹೊತ್ತಿನಲ್ಲಿ ಎಲ್ಲರ ಕಣ್ಣ ಮುಂದೆ ಬಿಚ್ಚಿತು. ಯಾರೋ, "ಕಟ್ಟಿದಾಕೀನ ಬಿಚ್ಚಿದಳು ನೋಡು," ಎಂದದ್ದು ನೀಲಾಳಿಗೆ ಕೇಳಿಸಿತು. ಅದೂ ಅವಳನ್ನು ಮುಟ್ಟಲಿಲ್ಲ.

ಇಬ್ಬರೂ ಫಕೀರವ್ವನ ಪಡಸಾಲೆಗೆ ಬಂದು ಕೂತರು. ಫಕೀರವ್ವ ಕಣ್ಣು ಮುಚ್ಚಿಕೊಂಡು ಕೊನೆಯ ಬಿಲ್ಲೆಗೆ ಉಗುರು ಹಾಕಿದಳು. ಅದು ಬಂತು. ಎದೆಯ ಕಾವು ಇನ್ನೂ ಅದರಲ್ಲಿತ್ತು. ನೀಲಾಳ ಅಂಗೈಯಲ್ಲಿಟ್ಟು, ಸೆರಗು ಬಾಯಿಗೆ ತುರುಕಿಕೊಂಡಳು.

ಇದನ್ನು ತೆಗೆದುಕೊಂಡು ಹೋಗಿ ಅಂಟಿಸಲು ಎದೆಯಿರಲಿಲ್ಲ. ಫೋನು ಮಿಡಿಯಿತು.

*ಬಿಲ್ಲೆ ಎದೆಯಿಂದ ಕಳಚಿದೆ. ಪ್ರಭುಲಿಂಗ ಅವರನ್ನು ಒಮ್ಮೆ ವಿಚಾರಿಸಿ.*

ನೀಲಾ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಆ ವಾಕ್ಯವನ್ನು ಬರೆದುಕೊಟ್ಟವಳು ಅವಳೇ. ರೋಗಿಯ ಹೆಸರಿಗೆ ಜಾಗ ಬಿಟ್ಟು, ಜನರಿಗೆ ಹೆದರಿಕೆಯಾಗದಂತೆ ಮೃದುವಾಗಿರಲಿ ಎಂದು ತಿದ್ದಿ ಬರೆದಿದ್ದಳು.

"ಅಕ್ಕಾ," ಎಂದಳು. ಜೋಮು ಬಿಡುವಾಗಿನ ಚುಚ್ಚು ಎಲ್ಲಿಂದಲೋ ಏರಿ ಬರುತ್ತಿತ್ತು. "ನಾ ಅವರನ್ನ ವಿಚಾರಸ್ಲೇ ಇಲ್ಲ. ಅದ ಮನ್ಯಾಗ ಇದ್ದು, ಒಮ್ಮೆ ಮಾರಿ ನೋಡಿ ಕೇಳ್ಲಿಲ್ಲ."

ಫಕೀರವ್ವ ಅವಳನ್ನು ಎದೆಗೆ ಎಳೆದುಕೊಂಡಳು. ಕಿವಿಯ ಕೆಳಗೆ ಆ ಎದೆ ಬಡಿಯುತ್ತಿತ್ತು, ಇಷ್ಟು ದಿನ ಗಂಡನದೆಂದು ಅವಳು ನೋಡುತ್ತಿದ್ದ ಅದೇ ಬಡಿತ. ನೀಲಾ ಅದರ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು.